ತೆಂಗಿನ ಸೀಮೆಯ ಕತ್ತ: ನಾರಿನ ಕಸುಬು ಮತ್ತು ಜನಪದ ಜ್ಞಾನ

ಸಸ್ಯದ ನಾರು ವಸ್ತ್ರವಾಗುವ ಬಗೆಯನ್ನು ಕುರಿತ ಬರವಣಿಗೆಗಳು ಬಹುಮಟ್ಟಿಗೆ ಹತ್ತಿಯನ್ನೇ ಕೇಂದ್ರವಾಗಿಸಿಕೊಂಡಿವೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಗೆ ಈ ಮಾದರಿ ಹೊಂದುವುದಿಲ್ಲ. ಕೆಂಕೆರೆಯಂತಹ ಊರುಗಳಲ್ಲಿ ನಾರಿನ ಮುಖ್ಯ ಆಕರ ಹೊಲದ ಬೆಳೆಯಲ್ಲ, ತೋಟದ ಮರ. ಅದನ್ನೂ ಯಾರೂ ನಾರಿಗಾಗಿ ಬೆಳೆಯುವುದಿಲ್ಲ. ಕಾಯಿಯ ತಿರುಳು ಕೊಬ್ಬರಿಯಾಗಿ ಪೇಟೆಗೆ ಹೋಗುತ್ತದೆ; ಉಳಿದ ಮಟ್ಟೆಯಿಂದ ನಾರು ದೊರೆಯುತ್ತದೆ. ಆಡುಮಾತಿನಲ್ಲಿ ಇದೇ 'ಕತ್ತ'. ಮುಖ್ಯ ಬೆಳೆಯ ಬೆನ್ನಿಗೆ ಬರುವ ವಸ್ತು ಎಂಬ ಸಂಗತಿಯೇ ಕತ್ತದ ಬಣ್ಣ, ಗುಣ, ಬೆಲೆಗಳ ಜೊತೆಗೆ ಅದನ್ನು ಹೊಸೆಯುವವರ ಸ್ಥಾನವನ್ನೂ ನಿರ್ಧರಿಸಿದೆ.

ಈ ಸೀಮೆಯ ವಿಶೇಷ ಉತ್ಪನ್ನ ಉಂಡೆ ಕೊಬ್ಬರಿ. ಹೂವು ಕಾಯಿಕಟ್ಟಿ ಬಲಿಯಲು ಸುಮಾರು 12 ತಿಂಗಳು ಬೇಕು. ಹಾಗೆ ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ 10ರಿಂದ 12 ತಿಂಗಳು ಇಡಲಾಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಅಲುಗಾಡಿದಾಗ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ಈ ಅವಧಿಯಲ್ಲಿ ಮಟ್ಟೆಯೂ ಒಣಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಕರಾವಳಿಯ ಕೇರಳದಲ್ಲಿ ಹಸಿ ಮಟ್ಟೆಯನ್ನು ಹಿನ್ನೀರಿನ ಉಪ್ಪುಮಿಶ್ರಿತ ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಹೊಂಬಣ್ಣದ 'ಬಿಳಿ ನಾರು' ತೆಗೆಯುತ್ತಾರೆ. ಬಯಲುಸೀಮೆಯ ನಾರು ಕಂದು, ಒರಟು, ಬಿರುಸು. ಎರಡರ ನಡುವಿನ ಅಂತರಕ್ಕೆ ಕಾಯಿಯ ಹದ, ನೀರಿನ ಗುಣ, ಕೊಬ್ಬರಿಯ ವ್ಯಾಪಾರಕ್ರಮ ಈ ಮೂರೂ ಕಾರಣ.

ಹತ್ತಿಯ ಎಳೆ ಬೀಜದ ಮೇಲೆ ಬೆಳೆಯುವ ಒಂದೇ ಕೋಶದ ರೋಮ. ಅದರ ಹತ್ತರಲ್ಲಿ ಒಂಬತ್ತು ಪಾಲು ಸೆಲ್ಯುಲೋಸ್. ಕತ್ತದ ಎಳೆಯಾದರೋ ಒಂದು ಮಿಲಿಮೀಟರಿನಷ್ಟೂ ಉದ್ದವಿಲ್ಲದ ಅಸಂಖ್ಯ ಕೋಶಗಳ ಕಟ್ಟು. ಮರಕ್ಕೆ ಗಡಸುತನ ನೀಡುವ ಲಿಗ್ನಿನ್ ಇದರಲ್ಲಿ ಶೇಕಡ 40ಕ್ಕೂ ಹೆಚ್ಚಿರುತ್ತದೆ. ಆದ್ದರಿಂದಲೇ ಅದು ಮೈಮೇಲಿನ ಬಟ್ಟೆಯಾಗದೆ, ನೀರಿಗೂ ಸವೆತಕ್ಕೂ ಸುಲಭವಾಗಿ ಜಗ್ಗದ ಹಗ್ಗ ಮತ್ತು ಚಾಪೆಯಾಯಿತು.

ಮಟ್ಟೆಯಿಂದ ನಾರು ಬಿಡಿಸುವ ಮೊದಲ ಹಂತ ನೆನೆಹಾಕುವುದು. ಎಳೆಗಳನ್ನು ಅಂಟಿಸಿರುವ ಪೆಕ್ಟಿನ್ ಮೊದಲಾದ ವಸ್ತುಗಳನ್ನು ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಕರಗಿಸುತ್ತವೆ. ಕಡಿಮೆ ನೆನೆದರೆ ಎಳೆ ತುಂಡಾಗುತ್ತದೆ. ಮಿತಿಮೀರಿ ಕೊಳೆತರೆ ಕಸುವು ಕಳೆದುಕೊಳ್ಳುತ್ತದೆ. ಕೈಕಸುಬಿನಲ್ಲಿ ಈ ಹದವನ್ನು ಅಳೆಯುವ ಉಪಕರಣವಿಲ್ಲ. ಬೆರಳಿನ ಒತ್ತು, ನೀರಿನ ಬಣ್ಣ, ವಾಸನೆಗಳೇ ಅಳತೆ. ನೆನೆದ ಮಟ್ಟೆಯನ್ನು ಕೊಡತಿಯಿಂದ ಬಡಿದು, ಹೊಟ್ಟು ಉದುರಿಸಿ, ನಾರನ್ನು ಒಣಗಿಸಿ ಹಿಂಜಲಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ 1000 ಮಟ್ಟೆಗಳಿಂದ ದೊರೆಯುವ ನಾರು ಸುಮಾರು 80 ಕಿಲೋಗ್ರಾಂ. ಅದರ ಎರಡು ಪಟ್ಟಿಗೂ ಹೆಚ್ಚು ತೂಕದ ಹೊಟ್ಟು ಹೊರಬೀಳುತ್ತದೆ.

ಮುಂದಿನ ಹಂತ ಹೊಸೆಯುವುದು. ಗೇಣುದ್ದದ ಎಳೆಗಳು ಮಾರುದ್ದದ ಹಗ್ಗವಾಗುವುದು ಅಂಟಿನಿಂದಲ್ಲ, ತಿರುಚಿನಿಂದ. ನಾರಿನ ಎರಡು ಎಳೆಗಳನ್ನು ಅಂಗೈಗಳ ನಡುವೆ ಒಂದು ದಿಕ್ಕಿಗೆ ಹೊಸೆದು, ಬಳಿಕ ಅವೆರಡನ್ನೂ ಕೂಡಿಸಿ ಎದುರು ದಿಕ್ಕಿಗೆ ಹುರಿಗೊಳಿಸುತ್ತಾರೆ. ಪ್ರತಿಯೊಂದು ಎಳೆಯೂ ಬಿಚ್ಚಿಕೊಳ್ಳಲು ಹವಣಿಸುವ ದಿಕ್ಕು ಜೋಡಿಯನ್ನು ಇನ್ನಷ್ಟು ಬಿಗಿಯುವ ದಿಕ್ಕೇ ಆಗಿರುವುದರಿಂದ ಹುರಿ ತಾನಾಗಿ ಬಿಚ್ಚುವುದಿಲ್ಲ. ಒಂದು ಎಳೆ ಮುಗಿಯುವ ಮುನ್ನವೇ ಇನ್ನೊಂದನ್ನು ಸೇರಿಸುವುದು, ಎರಡೂ ಎಳೆಗಳ ತುದಿ ಒಂದೇ ಕಡೆ ಬಾರದಂತೆ ನೋಡಿಕೊಳ್ಳುವುದು ಕಸುಬಿನ ಗುಟ್ಟು. ರಾಟೆ ಬಂದ ಮೇಲೂ ಈ ತತ್ತ್ವ ಬದಲಾಗಲಿಲ್ಲ, ವೇಗ ಹೆಚ್ಚಿತು.

ಕನ್ನಡದ ಕ್ರಿಯಾಪದಗಳು ಈ ತಂತ್ರಗಳ ಭೇದವನ್ನು ಸ್ಪಷ್ಟವಾಗಿ ಕಾಪಾಡಿಕೊಂಡಿವೆ. ಚಪ್ಪರಕ್ಕೆ ಹೊದಿಸುವ ಗರಿಯನ್ನು 'ಹೆಣೆಯುತ್ತಾರೆ'. ಅಲ್ಲಿ ನೂಲುವ ಹಂತವಿಲ್ಲ. ಹಗ್ಗವನ್ನು 'ಹೊಸೆಯುತ್ತಾರೆ'. ಹಾಸು ಹೊಕ್ಕುಗಳುಳ್ಳ ಚಾಪೆಯನ್ನು 'ನೇಯುತ್ತಾರೆ'. ತಿರುಚು ಎಂಬ ಅರ್ಥದ 'ನುಲಿ' ಶಬ್ದ 12ನೆಯ ಶತಮಾನದ ಶರಣ ನುಲಿಯ ಚಂದಯ್ಯನ ಹೆಸರಿನಲ್ಲಿಯೇ ನೆಲೆಗೊಂಡಿದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ದಾಸೋಹ ನಡೆಸಿದ ಆತನ ವೃತ್ತಾಂತದಲ್ಲಿ ಕಾಯಕವು ಲಿಂಗಪೂಜೆಗಿಂತಲೂ ಮುಂದೆ ನಿಲ್ಲುತ್ತದೆ. ಹಗ್ಗದ ಕಸುಬಿಗೆ ಇಂತಹ ಘನತೆ ನೀಡಿದ ಪರಂಪರೆ ಕನ್ನಡದಲ್ಲಿದ್ದರೂ ಕಸುಬಿನವರ ಕೂಲಿ ಮಾತ್ರ ಆ ಎತ್ತರಕ್ಕೆ ಏರಲಿಲ್ಲ.

ಭಾರತದಲ್ಲಿ ಕತ್ತದ ಕಾರ್ಖಾನೆ ಯುಗ ಆರಂಭವಾದದ್ದು 1859ರಲ್ಲಿ, ಜೇಮ್ಸ್ ಡರಾ ಆಲಪ್ಪುಳದಲ್ಲಿ ಸ್ಥಾಪಿಸಿದ ಚಾಪೆ ಕಾರ್ಖಾನೆಯಿಂದ. ಸ್ವಾತಂತ್ರ್ಯಾನಂತರ 1953ರ ಕಾಯಿದೆಯನ್ವಯ ಕೇಂದ್ರ ಸರ್ಕಾರದ ತೆಂಗಿನ ನಾರು ಮಂಡಳಿ ಅಸ್ತಿತ್ವಕ್ಕೆ ಬಂದಿತು. ಒಣಮಟ್ಟೆಯನ್ನು ಸೀಳಿ ನಾರು ತೆಗೆಯುವ ಯಂತ್ರಗಳು ಒಳನಾಡಿಗೆ ಅನುಕೂಲವಾದವು. ತಿಂಗಳುಗಟ್ಟಲೆ ಕೊಳೆಹಾಕುವ ಅಗತ್ಯವೂ ಅದರಿಂದ ನೀರು ಕೆಡುವುದೂ ತಗ್ಗಿದವು. ಇಂದು ಕಂದು ನಾರಿನಿಂದ ಹಾಸಿಗೆಯ ಒಳತುಂಬು ಸಿದ್ಧವಾಗುತ್ತದೆ. ಕತ್ತದ ಹುರಿಯಿಂದ ನೇಯ್ದ ಬಲೆಯಂತಹ ಭೂವಸ್ತ್ರವನ್ನು ಇಳಿಜಾರಿನ ಮಣ್ಣು ಕೊಚ್ಚಿಹೋಗದಂತೆ ಹಾಸುತ್ತಾರೆ. ಸಸ್ಯಗಳು ಬೇರೂರುವವರೆಗೆ ಮಣ್ಣನ್ನು ಹಿಡಿದಿಟ್ಟು, ಬಳಿಕ ಅದು ತಾನೇ ಮಣ್ಣಾಗುತ್ತದೆ. ಒಂದು ಕಾಲಕ್ಕೆ ಕಸವೆನಿಸಿದ್ದ ಹೊಟ್ಟು ಸಸಿಮಡಿಗಳ ಮಾಧ್ಯಮವಾಗಿ ವಿದೇಶಗಳಿಗೂ ಹೋಗುತ್ತಿದೆ.

ಉದ್ಯಮ ಬೆಳೆದರೂ ಅದರೊಂದಿಗೆ ಕಸುಬು ಬೆಳೆಯಿತೆನ್ನಲಾಗದು. ಎತ್ತಿನ ಕಣ್ಣಿ, ಬಾವಿಯ ಸೇದುಹಗ್ಗ, ಮೇವಿನ ಹೊರೆ ಕಟ್ಟುವ ಹಗ್ಗ ಇವೆಲ್ಲ ಕೃಷಿಕ ಬದುಕಿನ ನಿತ್ಯ ಬೇಡಿಕೆಗಳಾಗಿದ್ದವು. ಟ್ರ್ಯಾಕ್ಟರ್, ಕೊಳವೆಬಾವಿ, ನೈಲಾನ್ ಹಗ್ಗಗಳು ಈ ಬೇಡಿಕೆಯನ್ನು ಒಂದೊಂದಾಗಿ ಕಿತ್ತುಕೊಂಡವು. ಮಟ್ಟೆಗೆ ಮಾರುಕಟ್ಟೆ ಹತ್ತಿರವಿಲ್ಲದೆಡೆ ಅದು ಒಲೆಗೆ ಸೇರುತ್ತದೆ. ಇರುವೆಡೆಯಲ್ಲಿ ಕಚ್ಚಾನಾರು ಹೊರರಾಜ್ಯಕ್ಕೆ ಸಾಗಿದಷ್ಟೂ ನೂಲುವ, ನೇಯುವ ಹಂತಗಳ ಆದಾಯ ಬೇರೆಯವರ ಪಾಲಾಗುತ್ತದೆ. ನೂಲುವ ಕೆಲಸದಲ್ಲಿ ಬಹುಪಾಲು ತೊಡಗಿರುವವರು ಮಹಿಳೆಯರಾದ್ದರಿಂದ ಈ ನಷ್ಟದ ಹೊರೆಯೂ ಅವರ ಮೇಲೆಯೇ ಹೆಚ್ಚು.

2009ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ನೈಸರ್ಗಿಕ ನಾರುಗಳ ವರ್ಷವೆಂದು ಆಚರಿಸಿತು. ಅಂತಹ ಗಮನ ವಸ್ತುವಿಗೆ ಸಂದಷ್ಟು ಅದರ ಹಿಂದಿನ ಜ್ಞಾನಕ್ಕೆ ಸಲ್ಲಬೇಕಾಗಿದೆ. ಕತ್ತದ ಕಸುಬಿನ ದಾಖಲೀಕರಣವೆಂದರೆ ಹಳೆಯ ರಾಟೆ, ಕೊಡತಿಗಳನ್ನು ವಸ್ತುಸಂಗ್ರಹಾಲಯದಲ್ಲಿ ಇರಿಸುವುದಷ್ಟೇ ಅಲ್ಲ. ಮಟ್ಟೆ ನೆನೆದ ಹದವನ್ನು ಗುರುತಿಸುವ ಬಗೆ, ಎಳೆ ಸೇರಿಸುವ ಕ್ರಮ, ಹಗ್ಗದ ದಪ್ಪಕ್ಕೂ ಬಳಕೆಗೂ ತಕ್ಕಂತೆ ಬದಲಾಗುವ ಹೆಸರುಗಳು, ಕೂಲಿಯ ಲೆಕ್ಕ, ಈ ಎಲ್ಲವನ್ನೂ ಬಲ್ಲವರ ಬಾಯಿಂದಲೇ ಕೇಳಿ ಬರೆದಿಡುವುದು ಅದರ ಮುಖ್ಯ ಭಾಗ. ಉಪಕರಣಗಳನ್ನು ಮತ್ತೆ ಮಾಡಿಸಬಹುದು. ಅವನ್ನು ನಡೆಸುತ್ತಿದ್ದ ಕೈಯ ತಿಳಿವಳಿಕೆ ಒಂದು ತಲೆಮಾರು ತಪ್ಪಿದರೆ ಮತ್ತೆ ದೊರೆಯುವುದು ದುಸ್ತರ.