ಎಂ.ಡಿ.ಎಸ್. ಸೀಟು: ಊರ ಮಾತು, ನಿಜದ ಲೆಕ್ಕ

ಮಸ್ಕಿ ಕಡೆಯ ತಾಯಿಯೊಬ್ಬರು ಸಿಂಧನೂರಿನ ನನ್ನ ಕ್ಲಿನಿಕ್ಕಿಗೆ ಹಲ್ಲು ತೋರಿಸಲು ಬಂದಿದ್ದರು. ಕುರ್ಚಿಯಲ್ಲಿ ಕೂತವರು ನೋಯುವ ಹಲ್ಲಿನ ಸುದ್ದಿಗಿಂತ ಮೊದಲು ಮಗಳ ಸುದ್ದಿ ತೆಗೆದರು. "ಮಗಳು ಬಿ.ಡಿ.ಎಸ್. ಮುಗಿಸಾಕ ಬಂದಾಳ್ರೀ ಸರ. ಎಂ.ಡಿ.ಎಸ್. ಸೀಟು ಸುಮ್ನ ಖಾಲಿ ಬಿದ್ದಿರ್ತಾವಂತ, ಕೇಳೋರ ಇಲ್ಲಂತ. ಖರೇ ಏನ್ರೀ?" ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಲಿಂಗಸುಗೂರಿನ ನಿವೃತ್ತ ಮಾಸ್ತರರು ನಡುವೆ ಬಾಯಿ ಹಾಕಿದರು: "ಎಲ್ಲೀದು ತಂಗಿ, ರೊಕ್ಕ ಇದ್ದೋರಿಗೆ ಅಷ್ಟ ಅದು. ನಮ್ಮಂಥೋರ ಮಕ್ಕಳಿಗೆ ಆಗೋ ಮಾತಲ್ಲ."

ಈ ಎರಡು ಮಾತನ್ನೂ ನಾನು ವರ್ಷಕ್ಕೆ ಹತ್ತಾರು ಸಲ ಕೇಳುತ್ತೇನೆ. ಇದರಲ್ಲಿ ಯಾವುದನ್ನು ನಂಬಿದರೂ ಮಕ್ಕಳ ದಾರಿ ತಪ್ಪುತ್ತದೆ. ಮೊದಲನೆಯದನ್ನು ನಂಬಿದವರು ಓದುವುದಿಲ್ಲ, ಎರಡನೆಯದನ್ನು ನಂಬಿದವರು ಅರ್ಜಿಯನ್ನೇ ಹಾಕುವುದಿಲ್ಲ.

ಲೆಕ್ಕದಿಂದಲೇ ಶುರು ಮಾಡೋಣ. ದೇಶದಲ್ಲಿ ವರ್ಷಕ್ಕೆ ದಂತವೈದ್ಯ ಪದವಿಯಾದ ಬಿ.ಡಿ.ಎಸ್.ಗೆ 25 ಸಾವಿರಕ್ಕೂ ಹೆಚ್ಚು ಸೀಟುಗಳಿವೆ, ಅದರ ಮೇಲಿನ ಸ್ನಾತಕೋತ್ತರ ಎಂ.ಡಿ.ಎಸ್. ಸೀಟುಗಳು 6 ಸಾವಿರದ ಆಚೀಚೆ. ಅಂದರೆ ನಾಲ್ವರಿಗೆ ಒಂದು ಸೀಟು, ಅಷ್ಟೇನೂ ಕಷ್ಟವಲ್ಲ ಅನ್ನಿಸುತ್ತದೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರನ್ನು ಕೇಳಿ ನೋಡಿ. ಕಾಲುವೆಗೆ ಇಷ್ಟು ಕ್ಯುಸೆಕ್ ನೀರು ಬಿಟ್ಟಿದ್ದಾರೆ ಎಂಬ ಸುದ್ದಿ ಪೇಪರಿನಲ್ಲಿ ಬಂದ ದಿನವೂ ಅವರ ಹೊಲದ ತೂಬು ಒಣಗಿಯೇ ಇರುತ್ತದೆ. ಎಂ.ಡಿ.ಎಸ್. ಸೀಟಿನ ಒಟ್ಟು ಸಂಖ್ಯೆಯೂ ಹಾಗೆಯೇ. ಎಂ.ಡಿ.ಎಸ್.ನಲ್ಲಿ ಒಂಬತ್ತು ವಿಭಾಗಗಳಿವೆ. ವಕ್ರದಂತ ಸರಿಪಡಿಸುವ ಆರ್ಥೊ, ಬೇರು ನಾಳದ ಚಿಕಿತ್ಸೆಯ ಎಂಡೊ, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ, ಹಲ್ಲು ಕಟ್ಟುವ ಪ್ರೊಸ್ತೊ, ಮಕ್ಕಳ ಹಲ್ಲಿನ ಪೆಡೊ ಇವಕ್ಕೆ ನೂಕುನುಗ್ಗಲು. ಸರ್ಕಾರಿ ಕಾಲೇಜಿನಲ್ಲಿ ಇಂಥ ಒಂದು ವಿಭಾಗದ ಸೀಟುಗಳನ್ನು ಬೆರಳಲ್ಲಿ ಎಣಿಸಬಹುದು. ಅದರಲ್ಲೂ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಉಳಿದ ಅರ್ಧದಲ್ಲಿ ಮೀಸಲಾತಿಯ ಪ್ರಕಾರ ಹಂಚಿಕೆಯಾದ ಮೇಲೆ, 1958ರಲ್ಲಿ ಶುರುವಾದ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಕಡೆ ಆರ್ಥೊ ಸೀಟು ಬೇಕೆಂದರೆ ಪೈಪೋಟಿ ನಿಜಕ್ಕೂ ಉಸಿರುಗಟ್ಟಿಸುವಂಥದ್ದು. ಅತ್ತ ಓರಲ್ ಪೆಥಾಲಜಿ, ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿಯಂಥ ವಿಭಾಗಗಳಲ್ಲಿ, ಅದರಲ್ಲೂ ಶುಲ್ಕ ಜಾಸ್ತಿ ಇರುವ ಖಾಸಗಿ ಕಾಲೇಜುಗಳಲ್ಲಿ, ಸೀಟುಗಳು ನಿಜವಾಗಿಯೂ ಖಾಲಿ ಉಳಿಯುತ್ತವೆ. ಆ ತಾಯಿ ಕೇಳಿದ್ದು ಈ ಖಾಲಿ ಸೀಟುಗಳ ಸುದ್ದಿಯನ್ನು. ಮಾಸ್ತರರು ಕಂಡದ್ದು ಮೊದಲಿನ ನೂಕುನುಗ್ಗಲನ್ನು.

ಇನ್ನೊಂದು ಗೊಂದಲ ಪರ್ಸೆಂಟೈಲ್ ಎಂಬ ಪದದ್ದು. "ಸರ, ಐವತ್ತು ಪರ್ಸೆಂಟ್ ಬೇಕಂತಲ್ರೀ, ನಮ್ಮ ಹುಡುಗನಿಗೆ ಅಷ್ಟು ಬರೋದಿಲ್ಲ" ಎಂದು ಅಪ್ಪಂದಿರು ಕೈಚೆಲ್ಲುತ್ತಾರೆ. ಎಂ.ಡಿ.ಎಸ್. ಪ್ರವೇಶಕ್ಕೆ ಬರೆಯಬೇಕಾದ ನೀಟ್-ಎಂ.ಡಿ.ಎಸ್. ಪರೀಕ್ಷೆಯಲ್ಲಿ 240 ಪ್ರಶ್ನೆ, 960 ಅಂಕ, ಮೂರು ತಾಸು ಸಮಯ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್ ಎಂದರೆ ಬರೆದವರಲ್ಲಿ ಅರ್ಧದಷ್ಟು ಮಂದಿಯನ್ನು ಹಿಂದಿಕ್ಕಿದರೆ ಸಾಕು ಎಂದರ್ಥ, ಅರ್ಧ ಅಂಕ ತೆಗೆಯಬೇಕೆಂದಲ್ಲ. 2023ರಲ್ಲಿ ಆ ಗೆರೆ ಬಿದ್ದದ್ದು 272 ಅಂಕಕ್ಕೆ, ಶೇಕಡ ಲೆಕ್ಕದಲ್ಲಿ 28ರ ಆಸುಪಾಸು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ 40ನೇ ಪರ್ಸೆಂಟೈಲ್, ಆ ವರ್ಷ 238 ಅಂಕ. ಸೀಟುಗಳು ತೀರಾ ಖಾಲಿ ಉಳಿದ ವರ್ಷ ಈ ಗೆರೆಯನ್ನು ಇನ್ನೂ ಕೆಳಗಿಳಿಸಿದ್ದುಂಟು. 2022ರಲ್ಲಿ 24.286 ಪರ್ಸೆಂಟೈಲ್, 2024ರಲ್ಲಿ 21.692 ಪರ್ಸೆಂಟೈಲ್ ಇಳಿಸಲಾಗಿತ್ತು. ಆದರೆ ಗೆರೆ ದಾಟುವುದು ಬೇರೆ, ಸೀಟು ಸಿಗುವುದು ಬೇರೆ. ಗೆರೆ ದಾಟಿದವರು ಕೌನ್ಸೆಲಿಂಗಿನ ಬಾಗಿಲ ಒಳಗೆ ಬರುತ್ತಾರೆ ಅಷ್ಟೇ. ಒಳಗೆ ಬಂದ ಮೇಲೆ ಯಾವ ಕುರ್ಚಿ ಎಂಬುದನ್ನು ರ‍್ಯಾಂಕ್ ಹೇಳುತ್ತದೆ.

"ಡೊನೇಷನ್ ಕೊಟ್ಟರೆ ಪರೀಕ್ಷೆ ಬೇಕಿಲ್ಲ" ಎನ್ನುವವರ ಮಾತು ಹಳೆಯ ಕಾಲದ್ದು. ಒಂದು ಕಾಲದಲ್ಲಿ ಖಾಸಗಿ ಕಾಲೇಜುಗಳಿಗೆ ಕಾಮೆಡ್-ಕೆ ಪರೀಕ್ಷೆ, ಸರ್ಕಾರಿ ಸೀಟಿಗೆ ಇನ್ನೊಂದು, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ತಲೆಗೊಂದು ಪರೀಕ್ಷೆ ಇದ್ದವು. 2016ರಲ್ಲಿ ದಂತವೈದ್ಯರ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, 2017ರ ಪ್ರವೇಶದಿಂದ ನೀಟ್-ಎಂ.ಡಿ.ಎಸ್. ಒಂದೇ ಬಾಗಿಲು. ಮ್ಯಾನೇಜ್‌ಮೆಂಟ್ ಸೀಟಿಗೂ ಅದೇ, ಎನ್‌ಆರ್‌ಐ ಸೀಟಿಗೂ ಅದೇ. ಫಲಿತಾಂಶ ಬಂದ ವಾರವೇ ಫೋನ್ ಮಾಡಿ "ಅಡ್ವಾನ್ಸ್ ಕಟ್ಟಿಬಿಡಿ, ಸೀಟು ಹಿಡಿದಿಟ್ಟಿದ್ದೇವೆ" ಎನ್ನುವ ಏಜೆಂಟರ ಕೈಯಲ್ಲಿ ಹಿಡಿದಿಡಲು ಯಾವ ಸೀಟೂ ಇಲ್ಲ. ರಾಜ್ಯದ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ಸೀಟುಗಳನ್ನು ಹಂಚುವುದು ಕೇಂದ್ರದ ಕೌನ್ಸೆಲಿಂಗ್ ಸಮಿತಿ. ಬತ್ತ ಮಾರಿದ ದುಡ್ಡನ್ನು ಗೊತ್ತಿಲ್ಲದವರ ಖಾತೆಗೆ ಹಾಕುವ ಮುಂಚೆ ದಯವಿಟ್ಟು ಇದನ್ನು ನೆನಪಿಡಿ. ಏಮ್ಸ್‌ನಂಥ ಕೇಂದ್ರ ಸಂಸ್ಥೆಗಳ ಎಂ.ಡಿ.ಎಸ್. ಸೀಟಿಗೆ ಮಾತ್ರ ಐಎನ್‌ಐ-ಸಿಇಟಿ ಎಂಬ ಬೇರೆ ಪರೀಕ್ಷೆ ಇದೆ. ಅದಕ್ಕೆ ಬೇರೆ ಅರ್ಜಿ ಹಾಕಬೇಕು.

ನಮ್ಮ ಮೂರು ತಾಲೂಕಿನವರಿಗೆ ಬಹಳ ಮುಖ್ಯವಾದದ್ದು ನಮ್ಮ ಭಾಗದವರಿಗೆ ಸೀಟು ಮೀಸಲಿಡುವ ಸಂವಿಧಾನದ 371(ಜೆ) ವಿಧಿ. ಇದರ ಬಗ್ಗೆಯೂ ಎರಡು ತಪ್ಪು ತಿಳಿವಳಿಕೆಗಳಿವೆ. ಕೆಲವರು ಇದು ಪಿಯುಸಿ ಮುಗಿಸಿದ ಮಕ್ಕಳಿಗೆ ಮಾತ್ರ ಎಂದುಕೊಂಡು ಪಿ.ಜಿ. ಅರ್ಜಿಯಲ್ಲಿ ಆ ಕಾಲಂ ಖಾಲಿ ಬಿಡುತ್ತಾರೆ. ಇನ್ನು ಕೆಲವರು ಪ್ರಮಾಣಪತ್ರ ಇದ್ದರೆ ಸೀಟು ಕೈಗೆ ಬಂತೆಂದೇ ತಿಳಿಯುತ್ತಾರೆ. 2012ರ ಸಂವಿಧಾನ ತಿದ್ದುಪಡಿ, ಅದರ ಬೆನ್ನಿಗೆ 2013ರಲ್ಲಿ ಬಂದ ಆದೇಶದ ಪ್ರಕಾರ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಸ್ಥಳೀಯರಿಗೆ. ಪಿ.ಜಿ. ಪ್ರವೇಶದಲ್ಲೂ ಪರೀಕ್ಷಾ ಪ್ರಾಧಿಕಾರ ಹಂಚುವ ರಾಜ್ಯದ ಪಾಲಿನ ಸೀಟುಗಳಿಗೆ ಇದು ಲಾಗೂ ಆಗುತ್ತದೆ. ಅಖಿಲ ಭಾರತ ಕೋಟಾಕ್ಕೆ ಅನ್ವಯಿಸದು, ಅರ್ಹತೆಯ ಗೆರೆಯನ್ನೂ ಅದು ಕೆಳಗಿಳಿಸದು. ರಾಯಚೂರಿನಲ್ಲೇ ನವೋದಯ, ಎಎಂಇ ಎಂಬ ಎರಡು ದಂತ ಕಾಲೇಜುಗಳಿವೆ, ಕಲಬುರಗಿ, ಬೀದರ, ಬಳ್ಳಾರಿಗಳಲ್ಲೂ ದಂತ ಕಾಲೇಜುಗಳಿವೆ. ಪೈಪೋಟಿಯಲ್ಲಿ ನಮ್ಮ ಮಕ್ಕಳಿಗೆ ಹತ್ತಿರದಲ್ಲೇ ಸಿಗುವ ಬಲ ಇದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆಯವರಿಗೆ ಅರ್ಹತಾ ಪ್ರಮಾಣಪತ್ರ ಕೊಡುವುದು ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿ. ದಾಖಲೆ ಪರಿಶೀಲನೆಯ ಹಿಂದಿನ ದಿನ ಓಡಾಡುವ ಬದಲು ಇಂಟರ್ನ್‌ಶಿಪ್ ನಡೆಯುವಾಗಲೇ ತೆಗೆದಿಟ್ಟುಕೊಂಡರೆ ಒಂದು ಚಿಂತೆ ಕಡಿಮೆ.

ಈಗ ನನ್ನ ಮನಸ್ಸಿಗೆ ತೀರಾ ನೋವು ಕೊಡುವ ಮಾತಿಗೆ ಬರುತ್ತೇನೆ. "ಖಾಲಿ ಉಳಿಯುವ ವಿಭಾಗ ಎಂದರೆ ಕೆಲಸಕ್ಕೆ ಬಾರದ ವಿಭಾಗ." ಹುಡುಗರ ಬಾಯಲ್ಲಿ ಇದು ಗಾದೆಯ ಹಾಗೆ ಕೂತುಬಿಟ್ಟಿದೆ.

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯ ಹಳ್ಳಿಯೊಂದರ ಶಾಲೆಯಲ್ಲಿ ಹಲ್ಲು ತಪಾಸಣೆಗೆ ಹೋಗಿದ್ದೆ. ಆರನೇ ತರಗತಿಯ ಹುಡುಗಿಯೊಬ್ಬಳು ನಗುವಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಕೈ ಸರಿಸಿ ನೋಡಿದರೆ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂತೆ ಅಡ್ಡಗೆರೆಗಳು, ಅದರ ಮೇಲೆ ಕಂದು ಕಲೆ. "ಸರಿಯಾಗಿ ತಿಕ್ಕೋದಿಲ್ರೀ ಇಕಿ" ಎಂದು ಅವಳ ಅಜ್ಜಿ ಬೈದರು. ಅವಳು ಉಜ್ಜಿ ಉಜ್ಜಿ ವಸಡು ಕೆಂಪಾಗಿತ್ತು. ಅದು ಕೊಳೆ ಅಲ್ಲ, ಫ್ಲೋರೋಸಿಸ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದ ಕಡೆ 1.5ರ ತನಕ ನಡೆಯುತ್ತದೆ ಎಂಬುದು ನಮ್ಮ ದೇಶದ ಮಾನದಂಡ. ರಾಯಚೂರು ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಇದನ್ನು ದಾಟುತ್ತದೆ. ವಸಡಿನ ಒಳಗೆ ಹಲ್ಲಿನ ಎನಾಮಲ್ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಮಗು ಆ ನೀರು ಕುಡಿದರೆ ಕಲೆ ಹಲ್ಲಿನ ಜೊತೆಗೇ ಹುಟ್ಟುತ್ತದೆ. ಮೇಲಿನಿಂದ ಎಷ್ಟು ತಿಕ್ಕಿದರೂ ಹೋಗದು. ನನ್ನಂಥವನು ಒಬ್ಬಳ ಹಲ್ಲಿನ ಕಲೆಯನ್ನು ಮರೆಮಾಡಬಹುದು. ಆ ಊರಿನ ಯಾವ ಬೋರಿನ ನೀರನ್ನು ಮಕ್ಕಳಿಗೆ ಕೊಡಬಾರದು, ಎಷ್ಟು ಮನೆಯಲ್ಲಿ ತೊಂದರೆ ಇದೆ, ಶಾಲೆಯ ಟ್ಯಾಂಕಿಗೆ ಯಾವ ನೀರು ಬರಬೇಕು ಎಂದು ಮನೆಮನೆ ಎಣಿಸಿ, ಬರೆದು, ಅಧಿಕಾರಿಗಳ ಮುಂದೆ ಇಡಬಲ್ಲ ತರಬೇತಿ ಇರುವುದು ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ ಓದಿದವರಿಗೆ. ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2008-09ರಲ್ಲಿ. ಅದನ್ನು ಹಳ್ಳಿಯ ನಲ್ಲಿಯ ತನಕ ಮುಟ್ಟಿಸುವವರು ಯಾರು?

ಓರಲ್ ಮೆಡಿಸಿನ್, ಓರಲ್ ಪೆಥಾಲಜಿಯ ಮಾತೂ ಅದೇ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲದ ಚೀಟು ಒಂದು, ತಂಬಾಕಿನದು ಇನ್ನೊಂದು ಎಂದು ಬೇರೆ ಬೇರೆ ಕೊಂಡು ಅಂಗೈಯಲ್ಲೇ ಕಲಸಿಕೊಳ್ಳುವುದು ಅದರ ನಂತರದ ರೂಢಿ. ಕೊಯ್ಲಿನ ಯಂತ್ರ ಓಡಿಸುವ ಯುವಕನೊಬ್ಬ ಬಂದಿದ್ದ. ಖಾರ ತಿಂದರೆ ಬಾಯಿ ಉರಿ, ಖಡಕ್ ರೊಟ್ಟಿ ಮುರಿದು ಬಾಯಿಗಿಡಲು ಆಗುತ್ತಿಲ್ಲ ಎಂದ. ಮೂರು ಬೆರಳು ಉದ್ದಕ್ಕೆ ಜೋಡಿಸಿ ಬಾಯೊಳಗೆ ಇಡಲು ಹೇಳಿದೆ. ಒಂದೂವರೆ ಬೆರಳೂ ಹೋಗಲಿಲ್ಲ. ಕೆನ್ನೆಯ ಒಳಪದರ ಬೆಳ್ಳಗಾಗಿ, ಹಗ್ಗದ ಹಾಗೆ ಬಿಗಿದಿತ್ತು. ಅಡಿಕೆಯ ದೆಸೆಯಿಂದ ಬರುವ ಈ ಸಬ್‌ಮ್ಯೂಕಸ್ ಫೈಬ್ರೋಸಿಸ್ ತಂಬಾಕು ಮುಟ್ಟದವರಿಗೂ ಬರುತ್ತದೆ, ಕ್ಯಾನ್ಸರಿಗೆ ತಿರುಗುವ ಅಪಾಯವೂ ಇದೆ. ಬಿಳಿ ಮಚ್ಚೆಯೊಂದರ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವವರು ಓರಲ್ ಪೆಥಾಲಜಿಸ್ಟರು. ಆ ಯುವಕನನ್ನು ರಾಯಚೂರಿಗೆ ಕಳಿಸಿದೆ. ಒಂದು ದಿನದ ಕೂಲಿ ಹೋಗುತ್ತದೆಂದು ಅವನು ತಿಂಗಳುಗಟ್ಟಲೆ ಮುಂದೂಡಿದ. ಸಿಂಧನೂರಿನಲ್ಲೇ ಅಂಥವರೊಬ್ಬರು ಕೂತಿದ್ದರೆ ಎಂದು ಆಮೇಲೆ ಬಹಳ ಹೊತ್ತು ಯೋಚಿಸಿದ್ದೇನೆ. ಈ ವಿಭಾಗಗಳಲ್ಲಿ ಆದಾಯ ಆರ್ಥೊದಷ್ಟು ಬೇಗ ಬಾರದು, ಕೆಲಸಗಳು ಹೆಚ್ಚಾಗಿ ಕಾಲೇಜುಗಳಲ್ಲೇ ಇವೆ ಎಂಬುದು ನಿಜ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು. ಆದರೆ ಆದಾಯ ಕಡಿಮೆ ಎನ್ನುವುದನ್ನೇ ಕೆಲಸಕ್ಕೆ ಬಾರದು ಎಂದು ಹೇಳುವುದು ಸುಳ್ಳು.

ಎಂ.ಡಿ.ಎಸ್. ಆಗದಿದ್ದರೆ ಕ್ಲಿನಿಕ್ ಹಾಕಲು ಬರುವುದಿಲ್ಲ ಎಂಬ ಹೆದರಿಕೆಯೂ ಬೇಡ. ಬಿ.ಡಿ.ಎಸ್. ಮುಗಿಸಿ ರಾಜ್ಯ ದಂತ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಹಲ್ಲು ಕೀಳುವುದರಿಂದ ರೂಟ್ ಕೆನಾಲ್ ತನಕ ಮಾಡಬಹುದು. ನಾನೂ ಬಿ.ಡಿ.ಎಸ್. ಓದಿದವನೇ.

ಆ ತಾಯಿ ಮುಂದಿನ ಸಲ ಮಗಳನ್ನೇ ಕರೆತಂದರು. ರ‍್ಯಾಂಕ್ ಬಂದಿತ್ತು, ತೀರಾ ಮೇಲಿನದಲ್ಲ, ತೀರಾ ಕೆಳಗಿನದೂ ಅಲ್ಲ. ಕೌನ್ಸೆಲಿಂಗಿನಲ್ಲಿ ಬೇಕಾದ ಸೀಟುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿಗೆಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದ್ದಳು. "ಸರ್, ಸಿಗೋದನ್ನ ಮೊದಲು ಬರೀಬೇಕಂತ, ಇಲ್ಲಂದ್ರ ಅದೂ ಕೈ ತಪ್ಪತೈತಂತ ಸೀನಿಯರ್ಸ್ ಹೇಳ್ತಾರ" ಎಂದಳು. ಇದೂ ತಪ್ಪು ತಿಳಿವಳಿಕೆಯೇ. ಕಂಪ್ಯೂಟರ್ ರ‍್ಯಾಂಕಿನ ಸರದಿಯಂತೆ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಆ ಹೊತ್ತಿಗೆ ಉಳಿದಿರುವುದರಲ್ಲಿ ಎಲ್ಲಕ್ಕಿಂತ ಮೇಲೆ ಬರೆದದ್ದನ್ನು ಕೊಡುತ್ತದೆ. ಹತ್ತನೆಯದಾಗಿ ಬರೆದ ಸೀಟು, ಮೇಲಿನ ಒಂಬತ್ತು ಸಿಗದಿದ್ದರೆ, ಮೊದಲು ಬರೆದಿದ್ದರೆ ಸಿಗುವಷ್ಟೇ ಖಚಿತವಾಗಿ ಸಿಗುತ್ತದೆ. ಆದ್ದರಿಂದ ಮನಸ್ಸಿಗೆ ಬೇಕಾದದ್ದನ್ನು ಬೇಕಾದ ಕ್ರಮದಲ್ಲೇ ಬರೆಯಬೇಕು, ಬೇಡವಾದದ್ದನ್ನು ಬರೆಯಲೇಬಾರದು.

ಅವಳು ಪೆನ್ನು ಕೇಳಿ ಇಸಿದುಕೊಂಡಳು. ಪೆಡೊ ಒಂದನೆಯದಾಗಿ ಇತ್ತು, ಅದನ್ನು ಮುಟ್ಟಲಿಲ್ಲ. ಕೊನೆಗೆ ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದಿದ್ದ ರಾಯಚೂರಿನ ಓರಲ್ ಪೆಥಾಲಜಿಯನ್ನು ಹೊಡೆದುಹಾಕಿ, ನಾಲ್ಕನೆಯ ಸಾಲಿನಲ್ಲಿ ಪೆನ್ನಿನಿಂದ ಬರೆದಳು.