ಹಳೆಯ ಪ್ರೋಗ್ರಾಮಿಗೆ ಹೊಸ ಕಟ್ಟಳೆ

ಪೆಟ್ಟಿಗೆಯ ಮೇಲೆ ಚೀಟಿಯಿಲ್ಲದಿದ್ದರೆ ಒಳಗಿರುವುದೇನೆಂಬುದು ತೆರೆದಾಗಲೇ ತಿಳಿಯುವುದು. 2004ಕ್ಕೆ ಮೊದಲು ಜಾವಾ ಭಾಷೆಯಲ್ಲಿ ರಚಿತವಾದ ಜಾಲತಾಣಗಳ ಪ್ರೋಗ್ರಾಮುಗಳಲ್ಲಿ ‘ಲಿಸ್ಟ್’ ಎಂಬ ಪಟ್ಟಿಯ ಸ್ಥಿತಿಯೂ ಇಂಥದೇ ಆಗಿದ್ದಿತು. ಅದರಲ್ಲಿ ಯಾವ ವಸ್ತುವನ್ನಾದರೂ ಇಡಬಹುದಾಗಿತ್ತು. ಹೊರತೆಗೆಯುವಾಗ ‘ಇದು ಪುಸ್ತಕ’ ಎಂದು ಬರೆದವನೇ ಸಾರಬೇಕಾಗಿತ್ತು. ಆ ಮಾತು ಸುಳ್ಳಾದರೆ ಪ್ರೋಗ್ರಾಮು ನಡೆಯುತ್ತಿರುವಾಗಲೇ, ಬಳಸುವವರ ಕಣ್ಣೆದುರಿನಲ್ಲಿಯೇ, ಕೆಲಸ ನಿಂತುಹೋಗುತ್ತಿದ್ದಿತು.

2004ರಲ್ಲಿ ಹೊರಬಂದ ಜಾವಾ 5, ‘ಜೆನೆರಿಕ್ಸ್’ ಎಂಬ ಏರ್ಪಾಡಿನಿಂದ ಪೆಟ್ಟಿಗೆಗೆ ಚೀಟಿಯನ್ನು ಅಂಟಿಸಿತು. ‘ಪುಸ್ತಕಗಳ ಪಟ್ಟಿ’ ಎಂದು ಮೊದಲೇ ಘೋಷಿಸಿದರೆ, ಬೇರೊಂದು ವಸ್ತುವನ್ನು ಅದರಲ್ಲಿ ಸೇರಿಸಹೊರಟಾಗ ಕಂಪೈಲರು ಆಗಲೇ ತಡೆಯುವುದು.

ಇನ್ನು ಆನುವಂಶಿಕತೆಯ ವಿಚಾರ. ಒಂದು ವರ್ಗದ ಗುಣಗಳನ್ನು ಇನ್ನೊಂದು ವರ್ಗವು ಪಡೆಯುವ ಈ ಕ್ರಮವನ್ನು ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ಎಂಬ ವಿಜ್ಞಾನಿಗಳು ‘ಸಿಮ್ಯುಲಾ 67’ ಭಾಷೆಯಲ್ಲಿ ತಂದರು. ಪುಸ್ತಕಾಲಯದ ಪ್ರೋಗ್ರಾಮಿನಲ್ಲಿ ‘ಪ್ರಕಟಣೆ’ ಎಂಬುದು ಮೂಲವರ್ಗವಾದರೆ, ‘ಪುಸ್ತಕ’ ಮತ್ತು ‘ಪತ್ರಿಕೆ’ ಅದರ ಸಂತತಿ. ಪ್ರತಿಯೊಂದು ಪುಸ್ತಕವೂ ಪ್ರಕಟಣೆಯೇ. ಹಾಗಾದರೆ ಪುಸ್ತಕಗಳ ಪಟ್ಟಿಯು ಪ್ರಕಟಣೆಗಳ ಪಟ್ಟಿಯೂ ಆಗಬಲ್ಲದೆ?

ಆಗಲಾರದು. ಆಗುವುದೆಂದು ಒಪ್ಪಿದೆವೆನ್ನೋಣ. ಪ್ರಕಟಣೆಗಳ ಪಟ್ಟಿಗೆ ಪತ್ರಿಕೆಯನ್ನು ಸೇರಿಸಲು ಅಡ್ಡಿಯಿಲ್ಲವಷ್ಟೆ. ಆಗ ಪುಸ್ತಕಗಳಿಗೆಂದೇ ಮೀಸಲಾದ ಪೆಟ್ಟಿಗೆಯಲ್ಲಿ ಪತ್ರಿಕೆಯೊಂದು ನುಸುಳಿ ಚೀಟಿಯೇ ಸುಳ್ಳಾಗುವುದು. ಆದುದರಿಂದ ಜಾವಾ ಇದನ್ನು ನಿಷೇಧಿಸಿದೆ. ಪಟ್ಟಿಯಿಂದ ಓದುವುದಷ್ಟೇ ಉದ್ದೇಶವಾದರೆ ‘ಪ್ರಕಟಣೆಯ ಯಾವುದೋ ಒಂದು ಸಂತತಿಯ ಪಟ್ಟಿ’ ಎಂದು ಬರೆಯಬಹುದು. ಆದರೆ ಅದಕ್ಕೆ ಪುಸ್ತಕವನ್ನಾಗಲಿ ಪತ್ರಿಕೆಯನ್ನಾಗಲಿ ಸೇರಿಸಲು ಕಂಪೈಲರು ಬಿಡದು.

ಲಕ್ಷಾಂತರ ಸಾಲುಗಳ ಹಳೆಯ ಪ್ರೋಗ್ರಾಮನ್ನು ಒಂದೇ ದಿನದಲ್ಲಿ ತಿದ್ದಲು ಸಾಧ್ಯವೆ? ಈ ಕಷ್ಟವನ್ನು ಮುಂಗಂಡೇ ಜಾವಾದ ನಿರ್ಮಾಪಕರು, ಕಂಪೈಲರು ತಪಾಸಣೆ ಮುಗಿಸಿದ ಬಳಿಕ ಚೀಟಿಯನ್ನು ಅಳಿಸಿಬಿಡುವಂತೆ ಏರ್ಪಡಿಸಿದರು. ಹೀಗಾಗಿ ಹಳೆಯ ಭಾಗವೂ ಹೊಸ ಭಾಗವೂ ಒಟ್ಟಿಗೆ ನಡೆಯಬಲ್ಲವು; ತಿದ್ದುವ ಕೆಲಸವನ್ನು ಭಾಗಭಾಗವಾಗಿ ಮಾಡಬಹುದು. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಚೀಟಿಯನ್ನರಿಯದ ಹಳೆಯ ಭಾಗವು ಪುಸ್ತಕಗಳ ಪಟ್ಟಿಗೆ ಪತ್ರಿಕೆಯನ್ನು ಸೇರಿಸಿದರೆ ಆ ಕ್ಷಣದಲ್ಲಿ ತಡೆಯುವವರಿಲ್ಲ. ಮುಂದೆಂದೋ, ನಿರ್ದೋಷಿಯಾದ ಹೊಸ ಭಾಗವು ಅದನ್ನು ಹೊರತೆಗೆದಾಗ ಪ್ರೋಗ್ರಾಮು ಮುಗ್ಗರಿಸುವುದು.

ಇಂಥ ಸಂದೇಹದ ಸ್ಥಳಗಳಲ್ಲಿ ಕಂಪೈಲರು ಎಚ್ಚರಿಕೆಯನ್ನು ಕೊಡುತ್ತದೆ. ಅದನ್ನು ಅಡಗಿಸುವುದು ಸುಲಭ. ಒಂದೊಂದನ್ನೂ ಪರಿಶೀಲಿಸಿ ತಿದ್ದುವುದೇ ವಿವೇಕ.