ಆಲೂಗೆಡ್ಡೆಯ ಊರು ಯಾವುದು?

ಹಾಸನದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಶಾಂತಿಗ್ರಾಮವೆಂಬ ಊರಿದೆ. ಹೊಯ್ಸಳ ರಾಣಿ ಶಾಂತಲೆಯ ಹೆಸರಿನೊಡನೆ ಬೆಸೆದುಕೊಂಡಿರುವ ಊರಿದು. ಮುಂಗಾರು ಮಳೆ ಬೀಳುತ್ತಿದ್ದಂತೆ ಹಾಸನದ ಸೀಮೆಯ ಕೆಂಪು ನೆಲದಲ್ಲಿ ರೈತರು ಆಲೂಗೆಡ್ಡೆಯನ್ನು ಬಿತ್ತುವುದುಂಟು. ಹಾಸನದ ಆಲೂಗೆಡ್ಡೆಯೆಂದರೆ ನಾಡಿಗೆಲ್ಲ ಪರಿಚಿತ. ಆದರೆ 12ನೆಯ ಶತಮಾನದಲ್ಲಿ ಬಾಳಿದ ಶಾಂತಲೆಯ ಅಡುಗೆಮನೆಯಲ್ಲಿ ಆಲೂಗೆಡ್ಡೆ ಇರಲಿಲ್ಲ. ಅದರ ಪಲ್ಯಕ್ಕೆ ಬೇಕಾದ ಮೆಣಸಿನಕಾಯಿಯೂ ಇರಲಿಲ್ಲ. ಇವೆರಡೂ ಆಗ ಅಮೆರಿಕಾ ಖಂಡದಲ್ಲಿಯೇ ಇದ್ದುವು.

ಆಲೂಗೆಡ್ಡೆ ನಿಜವಾದ ವಿಶ್ವಪೌರ. ಅದರ ಕಥೆಯನ್ನು ಯಾವುದೇ ಒಂದು ಶಾಸ್ತ್ರ ಪೂರ್ತಿಯಾಗಿ ಹೇಳಲಾರದು. ಅದರ ತೌರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶವೆಂದು ಸಸ್ಯಶಾಸ್ತ್ರಜ್ಞರು ಗುರುತಿಸಿದರು. 16ನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯೂರೋಪಿಗೆ ಒಯ್ದರೆಂದು ಚರಿತ್ರೆ ತಿಳಿಸುತ್ತದೆ. ಮುಂದಿನ ಪಯಣದ ಗುರುತು ಭಾಷೆಯಲ್ಲಿ ಉಳಿದಿದೆ. ಕರಾವಳಿಯ ಕನ್ನಡಿಗರು ಬಳಸುವ 'ಬಟಾಟೆ' ಎಂಬ ಮಾತು ಪೋರ್ಚುಗೀಸರಿಂದ ಬಂದುದು; ಅದರ ಮೂಲವಾದರೋ ಕೆರಿಬಿಯನ್ ದ್ವೀಪವಾಸಿಗಳು ಸಿಹಿಗೆಣಸಿಗೆ ಇಟ್ಟಿದ್ದ ಹೆಸರು. ಸಂಸ್ಕೃತದ 'ಆಲು' ಎಂದರೂ ಗೆಡ್ಡೆಯೇ. ಹೀಗೆ 'ಆಲೂಗೆಡ್ಡೆ'ಯಲ್ಲಿ ಗೆಡ್ಡೆ ಎರಡು ಬಾರಿ ಬಂದಿರುವುದು ಒಂದು ಸ್ವಾರಸ್ಯ.

ಬೆಳೆ ನಡೆದ ದಾರಿಯಲ್ಲಿ ಅದರ ರೋಗವೂ ನಡೆದುಬಂದಿತು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಹೊಲಗಳು ಕಪ್ಪಿಟ್ಟು ಕೊಳೆತುಹೋದುವು. ಆ ಗೆಡ್ಡೆಯನ್ನೇ ನಂಬಿದ್ದ ಬಡಜನರಲ್ಲಿ ಸುಮಾರು 10 ಲಕ್ಷ ಮಂದಿ ಮುಂದಿನ ಕೆಲವೇ ವರ್ಷಗಳಲ್ಲಿ ಹಸಿವಿನಿಂದಲೂ ಕಾಯಿಲೆಗಳಿಂದಲೂ ಸತ್ತರು. ಅಷ್ಟೇ ಜನ ದೇಶವನ್ನೇ ತೊರೆದರು. ಕೆಟ್ಟ ಹವೆಯೇ ಇದಕ್ಕೆ ಕಾರಣವೆಂದು ಹಲವರು ತಿಳಿದಿದ್ದರು. ಬೂಷ್ಟಿನಂತಹ ಒಂದು ಸೂಕ್ಷ್ಮಜೀವಿಯೇ ಕಾರಣವೆಂಬುದನ್ನು ಜರ್ಮನಿಯ ಡಿ ಬ್ಯಾರಿ ಎಂಬ ವಿಜ್ಞಾನಿ 1861ರಲ್ಲಿ ಪ್ರಯೋಗದಿಂದ ತೋರಿಸಿದನು. ಆ ಕಾಲದಲ್ಲಿ ಯಾರೋ ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟ ರೋಗದ ಎಲೆಗಳು ಸಸ್ಯಸಂಗ್ರಹಾಲಯಗಳಲ್ಲಿ ಉಳಿದಿದ್ದುವು. 2013ರಲ್ಲಿ ವಿಜ್ಞಾನಿಗಳು ಆ ಎಲೆಗಳಿಂದಲೇ ಜೀವಿಯ ವಂಶಾವಳಿಯನ್ನು ಓದಿದರು. ಒಣ ಎಲೆಯೊಂದು ಚರಿತ್ರೆಯ ದಾಖಲೆಯೂ ಜೀವಶಾಸ್ತ್ರದ ಸಾಮಗ್ರಿಯೂ ಆಯಿತು.

ಈ ರೋಗವನ್ನು ನಮ್ಮ ರೈತರು 'ಅಂಗಮಾರಿ' ಎನ್ನುತ್ತಾರೆ. ಮೋಡ ಕವಿದು, ಜಿಟಿಜಿಟಿ ಮಳೆ ಹಿಡಿದು, ಹವೆ ತಂಪಾದರೆ ಅದು ಕೆಲವೇ ದಿನಗಳಲ್ಲಿ ಹೊಲವನ್ನೆಲ್ಲ ವ್ಯಾಪಿಸುತ್ತದೆ. ಸಾಲ ಮಾಡಿ ಬಿತ್ತಿದವನ ಪಾಡು ಊಹಿಸಬಹುದಾದುದೇ. ಅಂಗಮಾರಿಯ ಹಾವಳಿಯಿಂದ ಹಾಸನ ಜಿಲ್ಲೆಯಲ್ಲಿ ಎಷ್ಟೋ ಜನ ಈ ಬೆಳೆಯನ್ನು ಬಿಟ್ಟು ಮುಸುಕಿನ ಜೋಳದತ್ತ ಹೊರಳಿದ್ದಾರೆ.

ಇಲ್ಲಿ ಬಹುಕಾಲದಿಂದ ಬೆಳೆಯುತ್ತ ಬಂದ 'ಕುಫ್ರಿ ಜ್ಯೋತಿ' ಎಂಬ ತಳಿಯನ್ನು 1968ರಲ್ಲಿ ಬಿಡುಗಡೆ ಮಾಡಲಾಯಿತು. ಕುಫ್ರಿ ಎಂಬುದು ಶಿಮ್ಲಾದ ಹತ್ತಿರದ ಒಂದು ಬೆಟ್ಟದೂರು. ಬಿತ್ತನೆಯ ಗೆಡ್ಡೆ ಹಾಸನಕ್ಕೆ ಬರುವುದು ಪಂಜಾಬಿನ ಜಲಂಧರದಿಂದ. ಅಂಗಮಾರಿಯನ್ನು ತಡೆಯುವ ಗುಣವನ್ನು ಅದು ಪಡೆದುದು ಮೆಕ್ಸಿಕೋದ ಕಾಡು ಆಲೂಗೆಡ್ಡೆಯಿಂದ. ಆದರೆ ರೋಗಾಣು ಸುಮ್ಮನಿರಲಿಲ್ಲ. ಕಾಲಕ್ರಮದಲ್ಲಿ ತಾನೂ ಮಾರ್ಪಟ್ಟು ಆ ತಡೆಯನ್ನು ದಾಟಿತು. ಹೊಸ ತಳಿಗಾಗಿ ಸಂಶೋಧಕರು ಮತ್ತೆ ಆಂಡೀಸಿನ ಹಳೆಯ ತಳಿಗಳನ್ನೂ ಕಾಡು ತಳಿಗಳನ್ನೂ ಪರೀಕ್ಷಿಸುತ್ತಿದ್ದಾರೆ.